ಕವರ್ ಅಲ್ಲೇ ಬಿಚ್ಚಬಾರ್ದು

ಸಂಗೀತ ಕಛೇರಿ ಮುಗಿದ ಮೇಲೆ ಕೊಡೋ ಕವರನ್ನ ಅಲ್ಲೇ ಬಿಚ್ಚಿ ನೋಡಬಾರ್ದು. ನಮ್ಮ ಮೇಷ್ಟ್ರು ಹೇಳಿಕೊಟ್ಟ ಮೊದಲನೇ ಪಾಠ ತ ಧಿ ತೊಂ ನಂ, ಎರಡನೇದು ಇದೇ ಇರಬೇಕು. ಹಾರ ಹಾಕ್ತಾರೆ, ಶಾಲು ಹೊದಿಸ್ತಾರೆ, ತಟ್ಟೇಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು, ಅದರ ಮಧ್ಯ ಒಂದು ರೂಪಾಯಿ ನಾಣ್ಯ ಅಂಟಿಸಿರೋ ಕವರು. ಕಣ್ಣಿಗೊತ್ಕೊಂಡು ಜುಬ್ಬದ ಜೇಬಿಗೆ ಹಾಕ್ಬೇಕು. ಮುಖದಲ್ಲಿ ಏನೂ ತೋರಿಸ್ಬಾರ್ದು. ಆಮೇಲೆ ಆಟೋ ಹತ್ತಿ ಘಟಾನ ತೊಡೆ ಮೇಲಿಟ್ಕೊಂಡು, ಡ್ರೈವರ್ ಕನ್ನಡೀಲಿ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಬೀದಿ ದೀಪದ ಬೆಳಕು ಬಂದಾಗೆಲ್ಲ ಒಂದೊಂದೇ ನೋಟು ಎಣಿಸೋದು. 1998ರಿಂದ ಹೀಗೇ ಎಣಿಸ್ತಿದೀನಿ.

ಹೌದು, ನಾನು ಘಟ ನುಡಿಸ್ತೀನಿ, ಅದೇ ಮಡಕೆಯಂಥ ತಾಳವಾದ್ಯ. ಅನ್ನ ಹಾಕೋದು ಘಟ ಅಲ್ಲ, ಒಂದು ಪ್ರೈವೇಟ್ ಕಂಪನಿಯ ಅಕೌಂಟ್ಸ್ ಕೆಲಸ. ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿರೋ ಹುಡುಗ ಮುಂಬೈಗೆ ಹೋಗಿ ಲೊಲ್ಲಾಪಲೂಜಾ ಅನ್ನೋ ಮ್ಯೂಸಿಕ್ ಫೆಸ್ಟಿವಲ್ ನೋಡ್ಕೊಂಡು ಬಂದಿದ್ದ. ಟಿಕೆಟ್ ರೇಟು ಹೇಳ್ದ, ನಾನು ಬಾಯಿ ಬಿಟ್ಕೊಂಡು ಕೇಳಿಸ್ಕೊಂಡೆ, ಆಮೇಲೆ ಅವನು ತೀರಾ ಸಹಜವಾಗಿ, ಊಟ ಆಯ್ತಾ ಅಂತ ಕೇಳೋ ಹಾಗೆ ಕೇಳ್ದ, "ಸರ್ ನೀವೂ ಫೆಸ್ಟಿವಲ್‌ಗಳಲ್ಲಿ ನುಡಿಸ್ತೀರಲ್ಲ, ರಾಮನವಮಿ, ಗಣೇಶ, ದಸರಾ ಅಂತ... ಎಷ್ಟು ಕೊಡ್ತಾರೆ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಹೀಗೆ ನೇರವಾಗಿ ಕೇಳಿರ್ಲಿಲ್ಲ. ನನ್ನ ಹೆಂಡತಿ ಕೂಡ "ಕೊಟ್ರಾ?" ಅಂತಾಳೆ ಅಷ್ಟೇ, ಎಷ್ಟು ಅಂತ ಕೇಳಲ್ಲ. "ಏನೋ ಸ್ವಲ್ಪ ಕೊಡ್ತಾರಪ್ಪ" ಅಂದೆ. ಅವನು ಬಿಡ್ಲಿಲ್ಲ, ಫೋನ್ ತೆಗೆದು ಅಮೆರಿಕದ ವುಡ್‌ಸ್ಟಾಕ್ ಫೆಸ್ಟಿವಲ್ ಬಗ್ಗೆ ಏನೋ ತೋರಿಸ್ದ. 1969ರಲ್ಲಿ ಅಲ್ಲಿ ನುಡಿಸಿದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ಬ್ಯಾಂಡಿಗೆ 10 ಸಾವಿರ ಡಾಲರ್ ಅಂತೆ. ನಾನು ಅವರ ಒಂದು ಹಾಡೂ ಕೇಳಿಲ್ಲ. ಆದ್ರೆ ಅವತ್ತಿಡೀ ಒಂದು ವಿಷಯ ತಲೇಲಿ ಕೊರೀತಾನೇ ಇತ್ತು. ಅರ್ಧ ಶತಮಾನದ ಹಿಂದೆ ಸಮುದ್ರದಾಚೆ ಯಾರೋ ಎಷ್ಟು ತಗೊಂಡ್ರು ಅಂತ ಬೆಂಗಳೂರಲ್ಲಿ ಕೂತು ಗೊತ್ತಾಗತ್ತೆ, ಹೋದ ವಾರ ಕಛೇರೀಲಿ ನನ್ನ ಮೊಣಕಾಲಿಗೆ ಮೊಣಕಾಲು ತಾಗೋ ಹಾಗೆ ಕೂತಿದ್ದ ಮೃದಂಗದವರ ಕವರಲ್ಲಿ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ.

ನನ್ನ ಹತ್ರ ಒಂದು ನೋಟ್‌ಬುಕ್ ಇದೆ. ಮೊದಲು ಉದ್ದದ ಲೆಕ್ಕದ ಬುಕ್ಕು, 2009ರಿಂದ ಎಕ್ಸೆಲ್. ತಾರೀಖು, ಜಾಗ, ಯಾರ ಕಛೇರಿ, ಶ್ರುತಿ, ಕವರಲ್ಲಿ ಎಷ್ಟು, ಆಟೋ ಎಷ್ಟು. ವೃತ್ತಿದೋಷ ಅಂದ್ಕೊಳಿ. ಮೊದಲನೇ ಸಾಲು 1998ರ ಗಣೇಶೋತ್ಸವ, 101 ರೂಪಾಯಿ, ಬಸ್ಸು 6 ರೂಪಾಯಿ. ಅವತ್ತು ಆ ನೂರಾ ಒಂದನ್ನ ಅಮ್ಮ ದೇವರ ಮುಂದೆ ಇಟ್ಟಿದ್ರು, ತಿಂಗಳುಗಟ್ಟಲೆ ಅದು ಅಲ್ಲೇ ಕುಂಕುಮ ಮೆತ್ಕೊಂಡು ಕೂತಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಕರ್ನಾಟಕ ಸಂಗೀತದ ಕಛೇರೀಲಿ ಗಾಯಕರೋ ವೀಣೆಯವರೋ ಮೇನ್ ಆರ್ಟಿಸ್ಟು. ಪಕ್ಕವಾದ್ಯ ಅಂದ್ರೆ ಪಿಟೀಲು, ಮೃದಂಗ. ಅದರ ಕೆಳಗೆ ಉಪ ಪಕ್ಕವಾದ್ಯ, ಅಂದ್ರೆ ನಾವು, ಘಟ, ಖಂಜಿರ, ಮೋರ್ಚಿಂಗ್. ನಾವು ಎಲೆ ಮೇಲಿನ ಉಪ್ಪಿನಕಾಯಿ. ಇದ್ರೆ ಚೆಂದ, ಇಲ್ದಿದ್ರೆ ಊಟ ನಿಲ್ಲಲ್ಲ. ದುಡ್ಡು ಕೊಡೋದ್ರಲ್ಲಿ ಎರಡು ಪದ್ಧತಿ. ಕೆಲವು ಕಡೆ ಸಂಘದವರೇ ನಾಲ್ಕು ಬೇರೆ ಬೇರೆ ಕವರ್ ಕೊಡ್ತಾರೆ. ಇನ್ನು ಕೆಲವು ಕಡೆ ಟೀಮಿಗೆ ಇಷ್ಟು ಅಂತ ಮೇನ್ ಆರ್ಟಿಸ್ಟ್ ಕೈಗೆ ಕೊಟ್ಟುಬಿಡ್ತಾರೆ, ಅವರು ಹಂಚಬೇಕು. ಎರಡನೇದ್ರಲ್ಲಿ ಒಟ್ಟು ಎಷ್ಟು ಬಂತು ಅಂತ ನಮಗೆ ಯಾವತ್ತೂ ಗೊತ್ತಾಗಲ್ಲ. ಒಳ್ಳೆಯವರೂ ಇದಾರೆ, ಒಬ್ಬ ಹಿರಿಯ ಗಾಯಕರು ಕಾರಲ್ಲೇ ನಮ್ಮ ಮುಂದೇನೇ ಕವರ್ ಒಡೆದು "ನೋಡ್ರಪ್ಪಾ ಇಷ್ಟು ಕೊಟ್ಟಿದಾರೆ" ಅಂತ ತೊಡೆ ಮೇಲೆ ಹರಡಿ ಹಂಚಿಬಿಡೋರು, ಪೆಟ್ರೋಲ್ ಖರ್ಚು ತೆಗೆದು. ಇನ್ನೊಬ್ಬರು ಇದ್ರು, ಕಛೇರಿ ಮುಗಿದ ತಕ್ಷಣ ಅವರಿಗೆ ಯಾವಾಗ್ಲೂ ಒಂದು ಅರ್ಜೆಂಟ್ ಫೋನ್ ಬರೋದು.

ಹೀಗೆ ಕಣ್ಣೆದುರೇ ಹಂಚಿದ ಕಡೆಗಳ ಲೆಕ್ಕ ನೋಡಿದ್ರೆ ಪಿಟೀಲು ಮೃದಂಗಕ್ಕೆ ಎಷ್ಟೋ ಅದರ ಅರ್ಧ ಘಟಕ್ಕೆ, ಜಾಸ್ತಿ ಅಂದ್ರೆ ಮುಕ್ಕಾಲು. ತನಿ ಆವರ್ತನದಲ್ಲಿ, ಅಂದ್ರೆ ತಾಳವಾದ್ಯದವರಷ್ಟೇ ನುಡಿಸೋ ಭಾಗದಲ್ಲಿ, ಮಾತ್ರ ಸರಿಸಮ ನುಡಿಸ್ಬೇಕು, ಅಲ್ಲಿ ಅರ್ಧ ನುಡಿಸಿದ್ರೆ ನಡಿಯಲ್ಲ. ಇನ್ನೊಂದು, ಮೃದಂಗದವರು ಶ್ರುತಿ ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಕಲ್ಲಿಂದ ತಟ್ಟಿ ಸರಿ ಮಾಡ್ಕೋಬಹುದು. ಘಟಾನ ಹೇಗೆ ತಟ್ತೀರಾ? ಸುಟ್ಟ ಮಣ್ಣು. ಒಂದೊಂದು ಶ್ರುತಿಗೂ ಒಂದೊಂದು ಮಡಕೆ ಬೇಕು, ಗಂಡಸರ ಒಂದು ಒಂದೂವರೆ ಮನೆಗೆ (ಮನೆ ಅಂದ್ರೆ ಶ್ರುತಿಯ ಎತ್ತರದ ಅಳತೆ) ಬೇರೆ, ಹೆಂಗಸರ ಐದು ಐದೂವರೆಗೆ ಬೇರೆ. ತಮಿಳುನಾಡಿನ ಮಾನಾಮದುರೈಯಿಂದ ತರಬೇಕು, ಬರೋ ದಾರೀಲಿ ಬಸ್ಸು ಒಂದು ಹಳ್ಳಕ್ಕೆ ಇಳಿದ್ರೆ ಮುಗೀತು. 2011ರಲ್ಲಿ ನನ್ನ ಅತ್ಯಂತ ಒಳ್ಳೇ ಐದೂವರೆ ಮನೆ ಘಟ ಒಂದು ದೇವಸ್ಥಾನದ ಮೆಟ್ಟಿಲ ಮೇಲೆ ಒಡೀತು. ಅವತ್ತಿನ ಕವರಲ್ಲಿ 501 ಇತ್ತು.

ಸಂಭಾವನೆ ಅನ್ನೋ ಪದಾನೇ ನೋಡಿ. ಗಾರೆ ಕೆಲಸದವರಿಗೆ ಕೂಲಿ, ಆಫೀಸಲ್ಲಿ ಸಂಬಳ, ವಕೀಲರಿಗೆ ಫೀಸು, ಪುರೋಹಿತರಿಗೆ ದಕ್ಷಿಣೆ, ನಮಗೆ ಸಂಭಾವನೆ. ಸಂಭಾವಿಸೋದು ಅಂದ್ರೆ ಗೌರವಿಸೋದು. ಗೌರವ ಎಷ್ಟು ಕೊಡ್ತೀರಾ ಅಂತ ಮುಂಚೆನೇ ಕೇಳೋಕಾಗತ್ತಾ? ಗೌರವ ಕಮ್ಮಿ ಬಿತ್ತು ಇನ್ನೊಂದೈನೂರು ಹಾಕಿ ಅನ್ನೋಕಾಗತ್ತಾ? ಯಾರು ಈ ಪದ ಹುಡುಕಿದ್ರೋ ಗೊತ್ತಿಲ್ಲ, ಆದ್ರೆ ಸಂಘಗಳ ಖಜಾಂಚಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ.

ಇನ್ನೊಂದು ವಿಚಿತ್ರ ನನ್ನ ಎಕ್ಸೆಲ್‌ನಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣತ್ತೆ. ಕೇಳೋರು ಜಾಸ್ತಿ ಇದ್ದಷ್ಟೂ ಕವರು ತೆಳ್ಳಗೆ. ಮದುವೆ ರಿಸೆಪ್ಷನ್‌ಗೆ ನುಡಿಸಿದ್ರೆ ಉತ್ಸವದ ಮೂರರಷ್ಟು ಬರತ್ತೆ, ಅಲ್ಲಿ ಒಬ್ಬರೂ ಕೇಳಲ್ಲ, ಗಂಡು ಹೆಣ್ಣಿನ ಜೊತೆ ಫೋಟೋ ಕ್ಯೂ ನಿಂತಿರತ್ತೆ, ನಾವು ಕಲ್ಯಾಣಿ ರಾಗದ ಮಧ್ಯೆ ಗೋಬಿ ಮಂಚೂರಿ ವಾಸನೆ ಕುಡಿತಾ ಕೂತಿರ್ತೀವಿ. ಆಮೇಲೆ ಸಾವಿರ ಜನ ಪೆಂಡಾಲಲ್ಲಿ ಕೂತು ತಲೆದೂಗಿ ತೊಡೆ ಮೇಲೆ ತಾಳ ಹಾಕೋ ರಾಮನವಮಿ ಕಛೇರೀಲಿ ಅದರ ಮೂರರಲ್ಲಿ ಒಂದು ಪಾಲು.

ರಾಮನವಮಿ ಅಂದ್ರೆ ಬೆಂಗಳೂರಿನವರಿಗೆ ಚಾಮರಾಜಪೇಟೆ ನೆನಪಾಗ್ಲೇಬೇಕು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿ ಉತ್ಸವ, ಕೋಟೆ ಹೈಸ್ಕೂಲ್ ಮೈದಾನದ ಆ ದೊಡ್ಡ ಪೆಂಡಾಲು. ಅಪ್ಪ ನನ್ನನ್ನ ಸೈಕಲ್ ಬಾರ್ ಮೇಲೆ ಕೂರಿಸ್ಕೊಂಡು ಹೋಗೋರು, ಒಳಗೆ ಟಿಕೆಟ್, ಹೊರಗೆ ರಸ್ತೇಲಿ ನಿಂತು ಕೇಳೋರಿಗೆ ಪುಕ್ಕಟೆ, ನಾವು ಹೊರಗಿನವರು. ದೊಡ್ಡ ದೊಡ್ಡ ವಿದ್ವಾಂಸರನ್ನೆಲ್ಲ ನಾನು ಮೊದಲು ಕೇಳಿದ್ದು ಫುಟ್‌ಪಾತ್ ಮೇಲೆ ಕಡಲೆಕಾಯಿ ತಿಂತಾ. ಈಗ ಯೋಚ್ನೆ ಮಾಡಿದ್ರೆ, ಅವತ್ತು ನಾವು ಕೊಡದೇ ಇದ್ದ ದುಡ್ಡು ಯಾರ ಕವರಿಂದ ಕಡಿತ ಆಗಿರಬಹುದು ಅಂತ ಅನ್ಸತ್ತೆ. ಅನ್ಸತ್ತೆ ಅಷ್ಟೇ, ಪಾಪಪ್ರಜ್ಞೆ ಏನಿಲ್ಲ, ಆ ಕಡಲೆಕಾಯಿ ಇಲ್ದಿದ್ರೆ ನಾನು ಘಟ ಮುಟ್ತಾನೇ ಇರ್ಲಿಲ್ಲ.

ಮದ್ರಾಸಿನ ಕಥೆ ಬೇರೇನೇ. ಅಲ್ಲಿನ ಡಿಸೆಂಬರ್ ಸಂಗೀತ ಸೀಸನ್ ಅಂದ್ರೆ ನಮಗೆಲ್ಲ ಕಾಶಿಯಾತ್ರೆ ಇದ್ದಂಗೆ. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದಿಂದ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಆಮೇಲೆ ಗಲ್ಲಿಗೊಂದು ಸಭಾ, ಅಂದ್ರೆ ಕಛೇರಿ ಏರ್ಪಡಿಸೋ ಸಂಘ. ಸಂಜೆ ಸ್ಲಾಟು ದೊಡ್ಡವರಿಗೆ, ಟಿಕೆಟ್ ಇರತ್ತೆ. ಮಧ್ಯಾಹ್ನದ್ದು ಹುಡುಗ್ರಿಗೆ, ಎಂಟ್ರಿ ಫ್ರೀ, ಮುಂದಿನ ಸಾಲಲ್ಲಿ ಕ್ಯಾಂಟೀನ್ ಊಟ ಮುಗಿಸಿ ಎಸಿ ಗಾಳಿಗೆ ನಿದ್ದೆ ಮಾಡೋಕೆ ಬಂದಿರೋ ಮಾಮಾಗಳು. 2006ರಲ್ಲಿ ನನಗೂ ಅಂಥ ಒಂದು ಮಧ್ಯಾಹ್ನ ಸಿಕ್ತು. ಬುಕ್ಕಲ್ಲಿ ಆ ಪುಟ ಹೀಗಿದೆ: ಚೆನ್ನೈ ಮೇಲ್ ರೈಲಲ್ಲಿ ಹೋಗಿ ಬರೋಕೆ 420, ಲಾಡ್ಜ್ 450, ಆಟೋ 260 (ಮದ್ರಾಸ್ ಆಟೋ, ಗೊತ್ತಲ್ಲ), ಊಟ ತಿಂಡಿ 180. ಒಟ್ಟು 1,310. ಕವರಲ್ಲಿ 500. ಕೆಂಪು ಇಂಕಲ್ಲಿ ನಷ್ಟ 810 ಅಂತ ಬರ್ದಿದೀನಿ, ಅದರ ಪಕ್ಕದಲ್ಲೇ ನೀಲಿ ಇಂಕಲ್ಲಿ "ಖಂಡ ಚಾಪು ತಾಳದ ತನಿ, ಚೆನ್ನಾಗಿ ಬಂತು" ಅಂತಾನೂ ಬರ್ದಿದೀನಿ.

ಯಾಕೆ ಹೋಗ್ತಾರೆ ಅಂದ್ರೆ, ಹೆಸರಿನ ಮುಂದೆ ಒಂದು ಸಾಲು ಸೇರತ್ತೆ. ಮದ್ರಾಸಲ್ಲಿ ನುಡಿಸಿದಾರೆ. ಆ ಒಂದು ಸಾಲಿಂದ ಮುಂದಿನ ವರ್ಷ ಇಲ್ಲಿ ನನ್ನ ಮದುವೆ ರೇಟು 1,500ರಿಂದ 2,500ಕ್ಕೆ ಹೋಯ್ತು. ಅಂದ್ರೆ ಉತ್ಸವ ದುಡ್ಡು ಕೊಡಲ್ಲ, ದುಡ್ಡು ಕೇಳೋ ಯೋಗ್ಯತೆ ಕೊಡತ್ತೆ, ದುಡ್ಡು ಕೊಡೋರು ಬೇರೆ ಯಾರೋ. ಆಕಾಶವಾಣಿ ಗ್ರೇಡೂ ಹಾಗೇನೇ, ಬಿ, ಬಿ ಹೈ, ಎ, ಎ ಟಾಪ್, ರೇಡಿಯೋದಿಂದ ಬರೋ ದುಡ್ಡಿಗಿಂತ ಪಾಂಪ್ಲೆಟ್‌ನಲ್ಲಿ ಹಾಕ್ಕೊಳೋಕೇ ಅದು ಉಪಯೋಗ. ಅಮೆರಿಕ ಟೂರ್ ಆದ್ರೆ ನಿಜವಾದ ದುಡ್ಡು. ಕ್ಲೀವ್‌ಲ್ಯಾಂಡಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೀತಿದೆ, ಅದನ್ನ ಹಿಡ್ಕೊಂಡು ಊರೂರು ಕನ್ನಡ ಸಂಘ ತಮಿಳು ಸಂಘ ಅಂತ ಸುತ್ತಿ ಬರೋರು ಒಂದು ವರ್ಷದ ಮನೆ ಖರ್ಚು ತಂದುಬಿಡ್ತಾರೆ. ಆದ್ರೆ ಮೂರು ಜನಕ್ಕೆ ಟಿಕೆಟ್ಟು, ಮೂರು ಜನಕ್ಕೆ ವೀಸಾ. ನಾಲ್ಕನೇ ಟಿಕೆಟ್ ಉಪ್ಪಿನಕಾಯಿಗೆ ಯಾರು ಹಾಕ್ತಾರೆ.

ಸರ್ಕಾರಿ ಉತ್ಸವಗಳಲ್ಲಿ ಕವರ್ ಇರಲ್ಲ, ಫೈಲ್ ಇರತ್ತೆ. ಪ್ಯಾನ್ ಕಾರ್ಡು, ಪಾಸ್‌ಬುಕ್ ಜೆರಾಕ್ಸು, ಕ್ಯಾನ್ಸಲ್ ಮಾಡಿದ ಚೆಕ್ಕು, ರೆವೆನ್ಯೂ ಸ್ಟ್ಯಾಂಪ್ ಮೇಲೆ ಸೈನು. ನನ್ನಂಥ ಅಕೌಂಟ್ಸ್‌ನವನಿಗೆ ಇದು ಇಷ್ಟಾನೇ ಆಗ್ಬೇಕು, ಮೊತ್ತ ಮೊದಲೇ ಗೊತ್ತಿರತ್ತೆ, ಬ್ಯಾಂಕಿಗೇ ಬರತ್ತೆ. ಯಾವಾಗ ಬರತ್ತೆ ಅನ್ನೋದು ಮಾತ್ರ ಕೇಳಬಾರ್ದು. ಒಂದು ಊರಿನ ಉತ್ಸವಕ್ಕೆ ನವೆಂಬರಲ್ಲಿ ನುಡಿಸಿದ್ದಕ್ಕೆ ಯುಗಾದಿ ಕಳೆದ ಮೇಲೆ ದುಡ್ಡು ಬಂತು, ಅಷ್ಟರಲ್ಲಿ ಫೈಲ್ ನೋಡ್ಕೋತಿದ್ದೋರು ಟ್ರಾನ್ಸ್‌ಫರ್ ಆಗಿ ಅವರ ಜಾಗಕ್ಕೆ ಬಂದೋರಿಗೆ ನಾನು ಮತ್ತೆ ಮೊದಲಿಂದ ಘಟ ಅಂದ್ರೆ ಏನು ಅಂತ ವಿವರಿಸ್ಬೇಕಾಯ್ತು. "ಮಡಕೆ ಬಾಡಿಗೇನಾ ಸಾರ್ ಇದು?" ಅಂತ ಕೇಳಿದ್ರು. ಸುಳ್ಳಲ್ಲ.

ನಗಬಹುದು, ಆದ್ರೆ 2023ರ ಮೈಸೂರು ದಸರಾ ಟೈಮಲ್ಲಿ ಬಂದ ಸುದ್ದಿ ನೆನಪಿರೋರಿಗೆ ನಗು ಬರಲ್ಲ. ಸರೋದ್‌ನ ಪಂಡಿತ್ ರಾಜೀವ ತಾರಾನಾಥರು, ಅಲಿ ಅಕ್ಬರ್ ಖಾನರ ಶಿಷ್ಯರು, ಆಗ ಅವರಿಗೆ ತೊಂಬತ್ತು ದಾಟಿತ್ತು, ಅವರ ಸಂಭಾವನೇಲೇ ಕಮಿಷನ್ ಕೇಳಿದಾರೆ ಅನ್ನೋ ಆರೋಪ ಪೇಪರಲ್ಲೆಲ್ಲ ಬಂತು. ದೊಡ್ಡ ಗಲಾಟೆ ಆಯ್ತು. ಮುಂದಿನ ವರ್ಷ ಜೂನಲ್ಲಿ ಅವರು ತೀರಿಕೊಂಡ್ರು. ನಮ್ಮ ಕಲಾವಿದರ ವಾಟ್ಸಾಪ್ ಗ್ರೂಪಲ್ಲಿ ಅವತ್ತು ಎಲ್ಲರೂ ಕೈಮುಗಿಯೋ ಇಮೋಜಿ ಹಾಕಿದ್ರೇ ಹೊರತು ಒಬ್ಬರೂ "ನನ್ನನ್ನೂ ಕೇಳಿದ್ರು" ಅಂತಾಗ್ಲೀ "ನನ್ನನ್ನ ಕೇಳಿಲ್ಲ" ಅಂತಾಗ್ಲೀ ಬರೀಲಿಲ್ಲ. ನಾನೂ ಇಮೋಜಿನೇ ಹಾಕಿದ್ದು.

ಟ್ಯಾಕ್ಸ್ ವಿಷಯ ಬಂದಾಗ ಒಂದು ತಮಾಷೆ. ಶಾಸ್ತ್ರೀಯ ಅಥವಾ ಜಾನಪದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದವರೆಗೆ ಬಂದ್ರೆ ಅದಕ್ಕೆ ಜಿಎಸ್‌ಟಿ ಇಲ್ಲ ಅಂತ ನಿಯಮ ಇದೆ. ಇದನ್ನ ಮೊದಲ ಸಲ ಆಫೀಸಲ್ಲಿ ಓದಿದಾಗ ಒಬ್ಬನೇ ಕೂತು ನಕ್ಕಿದ್ದೆ. ನನ್ನ ಒಂದು ಇಡೀ ವರ್ಷದ ಕವರೆಲ್ಲ ಕೂಡಿಸಿದ್ರೂ ಒಂದೂವರೆ ಲಕ್ಷ ದಾಟಿರೋದು ಎರಡೇ ಎರಡು ಸಲ.

ಹಾಗಂತ ದುಡ್ಡೇ ಇಲ್ಲದ ಕಡೆ ನುಡಿಸೋದಕ್ಕೆ ನನಗೆ ಬೇಜಾರಿಲ್ಲ, ಇದನ್ನ ಸರಿಯಾಗಿ ಹೇಳ್ಬೇಕು. ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ, ಪುಷ್ಯ ಬಹುಳ ಪಂಚಮಿ, ಕಾವೇರಿ ದಡ. ಎಷ್ಟೇ ದೊಡ್ಡವರಾದ್ರೂ ಅಲ್ಲಿ ಸಂಭಾವನೆ ತಗೊಳಲ್ಲ, ನೆಲದ ಮೇಲೆ ಸಾಲಾಗಿ ಕೂತು ಅವರ ಪಂಚರತ್ನ ಕೃತಿಗಳನ್ನ ಹಾಡ್ತಾರೆ. ನಾನು ಒಂದೇ ಸಲ ಹೋಗಿದೀನಿ, ಬುಕ್ಕಲ್ಲಿ ಆ ಸಾಲಿನ ಕವರ್ ಕಾಲಂ ಖಾಲಿ ಬಿಟ್ಟಿದೀನಿ, ಸೊನ್ನೆ ಕೂಡ ಬರೀಲಿಲ್ಲ. ಅಲ್ಲಿರೋ ತ್ಯಾಗರಾಜರ ಸಮಾಧಿ ಗುಡಿ ಕಟ್ಟಿಸಿದ್ದು ನಮ್ಮ ನಂಜನಗೂಡಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಮ್ಮ ಒಡವೆ ಮಾರಿ ಕಟ್ಟಿಸಿದ್ರು. ದೇವದಾಸಿ ಮನೆತನ, ಹಾಡಿ ಹಾಡಿ ಸಂಪಾದಿಸಿದ ಒಡವೆ. ಕಟ್ಟಿಸಿದ ಮೇಲೂ ಆರಾಧನೇಲಿ ಹೆಂಗಸರು ಹಾಡಂಗಿಲ್ಲ ಅಂದ್ರು, ಅವರು ಹೆಂಗಸರದ್ದೇ ಬೇರೆ ಗುಂಪು ಕಟ್ಟಿ ಹಾಡಿಸಿದ್ರು. ಮದರಾಸಲ್ಲಿ ಇನ್ಕಮ್ ಟ್ಯಾಕ್ಸ್ ಕಟ್ಟಿದ ಮೊದಮೊದಲ ಕಲಾವಿದೆಯರಲ್ಲಿ ಅವರೂ ಒಬ್ಬರಂತೆ. ನನಗೆ ಇದು ತುಂಬಾ ಇಷ್ಟದ ವಿಷಯ. ತನ್ನ ಹಾಡಿಗೆ ಎಷ್ಟು ಬರತ್ತೆ ಅಂತ ಪೈಸೆ ಪೈಸೆ ಲೆಕ್ಕ ಇಟ್ಟಿದ್ದ ಹೆಂಗಸು, ಎಲ್ಲಿ ಬಿಟ್ಟಿಯಾಗಿ ಹಾಡಬೇಕು ಅನ್ನೋದನ್ನೂ ತಾನೇ ತೀರ್ಮಾನ ಮಾಡಿದ್ಳು. ನಮ್ಮ ಬಡಾವಣೆಗಳ ಕಾರ್ಯದರ್ಶಿಗಳು "ದೇವರ ಸೇವೆ ಅಲ್ವಾ ಸಾರ್" ಅಂತ ಫೋನಲ್ಲಿ ಹೇಳೋದು ಇದಲ್ಲ. ಅದು ನನ್ನ ಸೇವೇನ ಅವರು ತೀರ್ಮಾನ ಮಾಡೋದು.

ಇಲ್ಲೀವರೆಗೆ ಬರೆದಿದ್ದನ್ನ ಓದಿ ನಾನೇನೋ ಪಾಪದವನು ಅಂದ್ಕೊಂಡಿದ್ರೆ ಸ್ವಲ್ಪ ತಡೀರಿ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆ ರಾಮೋತ್ಸವದ ಕಮಿಟಿಗೆ ನನ್ನನ್ನ ಹಾಕ್ಕೊಂಡ್ರು. ಸಂಗೀತ ಗೊತ್ತು, ಲೆಕ್ಕನೂ ಗೊತ್ತು ಅಂತ ಖಜಾಂಚಿ ಮಾಡಿದ್ರು. ಒಂಬತ್ತು ದಿನ, ಒಂಬತ್ತು ಕಛೇರಿ. ಚಂದಾ ಎತ್ತಿ, ಎರಡು ಜ್ಯೂಯೆಲರಿ ಅಂಗಡಿ ಜಾಹೀರಾತು ಸೇರಿ ಒಟ್ಟು 4 ಲಕ್ಷ ಆಯ್ತು. ನನಗೆ ಖುಷಿ, ಈ ಸಲ ಕಲಾವಿದರಿಗೆ ಸರಿಯಾಗಿ ಕೊಡೋಣ ಅಂತ. ಶಾಮಿಯಾನ ಕುರ್ಚಿ 85 ಸಾವಿರ. ಮೈಕ್ ಸೆಟ್ ದಿನಕ್ಕೆ 6 ಸಾವಿರ, 54. ಹೂವಿನ ಅಲಂಕಾರ 27. ಪಾನಕ ಕೋಸಂಬರಿ ಪ್ರಸಾದ 60. ಪಾಂಪ್ಲೆಟ್ಟು, ಪರ್ಮಿಷನ್ನು, ಇತ್ಯಾದಿ 14. ಉಳಿದಿದ್ದು 1 ಲಕ್ಷ 60 ಸಾವಿರ. ಅದರಲ್ಲಿ ಒಂದು ದಿನ ದೊಡ್ಡ ಹೆಸರು ಬೇಕೇ ಬೇಕು, ಇಲ್ದಿದ್ರೆ ಮುಂದಿನ ವರ್ಷ ಜ್ಯೂಯೆಲರಿಯವರು ದುಡ್ಡು ಕೊಡಲ್ಲ, ಅವರ ಟೀಮಿಗೆ 60. ಮಿಕ್ಕ ಎಂಟು ದಿನಕ್ಕೆ 1 ಲಕ್ಷ, ಅಂದ್ರೆ ಒಂದು ಕಛೇರಿಗೆ 12,500. ಗಾಯಕರಿಗೆ 5 ಸಾವಿರ, ಪಿಟೀಲು ಮೃದಂಗಕ್ಕೆ ಮೂರು ಮೂರು, ಘಟಕ್ಕೆ ಒಂದೂವರೆ.

ಮೈಕ್ ಸೆಟ್‌ನವರ ಲೆಕ್ಕ ಮತ್ತೊಂದ್ಸಲ ನೋಡಿ. ಹಾಡೋರಿಗಿಂತ ಒಂದು ಸಾವಿರ ಜಾಸ್ತಿ. ಅವರು ಬಂದು ಚಪ್ಪಲಿ ಬಿಟ್ಟು ದೇವರಿಗೆ ಕೈಮುಗಿದು ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತು ರೇಟ್ ಹೇಳಿದ್ರು, ನಾವು ಐದು ಅಂದ್ವಿ, ಅವರು ಆರಕ್ಕೇ ನಿಂತ್ರು, ಅರ್ಧ ಅಡ್ವಾನ್ಸ್ ಇಸ್ಕೊಂಡೇ ಎದ್ರು. ಅವರ ಭಕ್ತೀಲಿ ಏನೋ ಕೊರತೆ ಇದೆ ಅಂತ ಕಮಿಟೀಲಿ ಯಾರಿಗೂ ಅನ್ನಿಸ್ಲಿಲ್ಲ, ನನಗೂ ಅನ್ನಿಸ್ಲಿಲ್ಲ.

ಹೂವಿನವರು ಆಮೇಲೆ ಇನ್ನೊಂದು 7 ಸಾವಿರ ಹೆಚ್ಚಿಸಿದ್ರು. ಎಲ್ಲಿಂದ ತರೋದು ಅಂತ ಮೀಟಿಂಗಲ್ಲಿ ಚರ್ಚೆ. ಒಬ್ಬರು ಕೋಸಂಬರಿ ಕಮ್ಮಿ ಮಾಡೋಣ ಅಂದ್ರು, ಅವರ ಮೇಲೆ ಎಲ್ಲರೂ ಬಿದ್ರು. ಆಗ ಒಬ್ಬ ಹೇಳ್ದ, "ಐದು ದಿನ ಘಟ ಬಿಟ್ಬಿಡೋಣ, ಏಳೂವರೆ ಉಳಿಯತ್ತೆ, ಯಾರಿಗೂ ಗೊತ್ತಾಗಲ್ಲ." ಹಾಗೆ ಹೇಳಿದ್ದು ನಾನೇ. ಎರಡು ನಿಮಿಷದಲ್ಲಿ ಪಾಸ್ ಆಯ್ತು. ಅಧ್ಯಕ್ಷರು, ನಮ್ಮ ರಾಯರು, "ನೀವೇ ಹೇಳಿದ ಮೇಲೆ ಮುಗೀತು ಬಿಡಿ" ಅಂದ್ರು. ಯಾರಿಗೂ ಗೊತ್ತಾಗ್ಲೂ ಇಲ್ಲ. ಐದು ದಿನ ಘಟ ಇಲ್ಲದೇ ಕಛೇರಿ ನಡೀತು, ಜನ ಚಪ್ಪಾಳೆ ತಟ್ಟಿದ್ರು, ನಾನು ಹಿಂದಿನ ಸಾಲಲ್ಲಿ ಕೂತು ತನಿ ಕೇಳ್ತಾ ತೊಡೆ ಮೇಲೆ ಘಟದ ಭಾಗ ನುಡಿಸ್ಕೋತಿದ್ದೆ.

ಘಟ ಇದ್ದ ಮೂರು ದಿನದಲ್ಲಿ ಒಂದು ದಿನಕ್ಕೆ ನಾನು ಒಬ್ಬ ಹುಡುಗನನ್ನ ಹಾಕಿದ್ದೆ. ಇಂಜಿನಿಯರಿಂಗ್ ಓದ್ತಿದಾನೆ, ಕೈ ಅದ್ಭುತ, ನನ್ನ ವಯಸ್ಸಲ್ಲಿ ನನಗಿಲ್ಲದ ನಡೆ ಅವನ ಹತ್ರ ಇದೆ. ಡೇಟ್ ಕೇಳಿ ಮೆಸೇಜ್ ಹಾಕ್ದೆ. "ಫ್ರೀ ಇದೀನಿ ಸರ್, ಎಷ್ಟು ಕೊಡ್ತೀರಾ?" ಅಂತ ವಾಪಸ್ ಬಂತು. ನಾನು ಫೋನ್ ಕೆಳಗಿಟ್ಟೆ. ಮತ್ತೆ ಎತ್ಕೊಂಡು 1,500 ಅಂತ ಟೈಪ್ ಮಾಡಿ ಕಳಿಸ್ದೆ. "ಸರ್ ಘಟ ಇಟ್ಕೊಂಡು ಕ್ಯಾಬಲ್ಲೇ ಬರಬೇಕು, ಹೋಗಿ ಬರೋಕೇ 700 ಆಗತ್ತೆ, 2,500 ಮಾಡಿ ಸರ್ ಪ್ಲೀಸ್."

ಮೈ ಉರಿದುಹೋಯ್ತು. ಟೆರೇಸ್ ಮೇಲೆ ಹೋಗಿ ಅರ್ಧ ಗಂಟೆ ತಿರುಗಾಡ್ದೆ. ನಮ್ಮ ಮೇಷ್ಟ್ರ ಮುಂದೆ ಹೀಗೆ ಕೇಳಿದ್ರೆ ಏನಾಗ್ತಿತ್ತು, ಈಗಿನ ಹುಡುಗ್ರಿಗೆ ವಿನಯ ಅನ್ನೋದೇ ಇಲ್ಲ, ವೇದಿಕೆ ಕೊಟ್ಟಿದ್ದೇ ದೊಡ್ಡದು, ಇವನಿಗೆ ಯಾರು ಹೇಳಿಕೊಟ್ರು... ಸುತ್ತು ಹಾಕ್ತಾ ಹಾಕ್ತಾ ನನ್ನ ಬಾಯಲ್ಲಿ ಬರ್ತಿರೋ ಮಾತೆಲ್ಲ ನಾನು ಎಲ್ಲಿ ಕೇಳಿದೀನಿ ಅಂತ ಹೊಳೀತು. ಕೆಳಗೆ ಬಂದು "ಆಯ್ತು" ಅಂತ ಕಳಿಸ್ದೆ. ಆ ಜಾಸ್ತಿ ಸಾವಿರ ನಾನೇ ಹಾಕಿದೆ, ಕಮಿಟಿಗೆ ಹೇಳ್ಲಿಲ್ಲ, ಹೇಳಿದ್ರೆ ಆ ದಿನದ ಘಟಾನೂ ಹೋಗ್ತಿತ್ತು.

ಅವನು ಬಂದ, ಚೆನ್ನಾಗಿ ನುಡಿಸ್ದ, ಮಿಶ್ರ ಚಾಪು ತನೀಲಿ ಮೃದಂಗದವರೇ ತಿರುಗಿ ನೋಡೋ ಹಾಗೆ ಒಂದು ಮುಕ್ತಾಯ ಹಾಕ್ದ. ಶಾಲು ಹೊದಿಸ್ಕೊಂಡ, ಬಾಳೆಹಣ್ಣು ತಗೊಂಡ. ಕವರ್ ಬೇಡ ಸರ್ ಜೀಪೇ ಮಾಡ್ಬಿಡಿ ಅಂತ ಮೊದಲೇ ನಂಬರ್ ಕಳಿಸಿದ್ದ. ಪೆಂಡಾಲ್ ಹಿಂದೆ ಜನರೇಟರ್ ಪಕ್ಕ ನಿಂತ್ಕೊಂಡು, ಕೈಗೆ ಅಭ್ಯಾಸ ನೋಡಿ, 2,501 ಅಂತ ಒತ್ತಿ ಕಳಿಸ್ದೆ. ಅವನು ಕ್ಯಾಬ್ ಹತ್ತಿ ಹೋಗಿ ಐದು ನಿಮಿಷ ಆಗಿತ್ತು, ಮೆಸೇಜ್ ಬಂತು.

"ಸರ್ 1 ರೂಪಾಯಿ ಜಾಸ್ತಿ ಬಂದಿದೆ, ವಾಪಸ್ ಹಾಕ್ಲಾ?"